ಹಾಲಿ ನೋಟಿನ ಮೇಲಿದ್ದ ಪೆನ್ಸಿಲ್ ಬರಹ

2017ರ ಬೇಸಗೆಯ ಒಂದು ಭಾನುವಾರ ಭದ್ರಾವತಿಯ ಪೇಪರ್ ಟೌನ್ ಸಮೀಪದ ಗುಜರಿ ಅಂಗಡಿಯೊಂದರಲ್ಲಿ ನಾನು ಹೈದರಾಬಾದ್ ಸಂಸ್ಥಾನದ ಏಳು ನೋಟುಗಳನ್ನು ಕೊಂಡೆ. ಹಳೆಯ ಪಂಚಾಂಗವೊಂದರ ಹಾಳೆಗಳ ನಡುವೆ, ಮಾಸಲು ಬಟ್ಟೆಯ ತುಂಡಿನಲ್ಲಿ ಅವನ್ನು ಸುತ್ತಿಡಲಾಗಿತ್ತು. ಆರು ಒಂದು ರೂಪಾಯಿಯವು, ಒಂದು ಐದು ರೂಪಾಯಿಯದು. ಅಂಗಡಿಯವನು ಏಳಕ್ಕೂ ಸೇರಿ ಸಾವಿರದ ನಾನೂರು ಕೇಳಿದ. ಚೌಕಾಸಿ ಮಾಡಿ ಒಂಬೈನೂರಕ್ಕೆ ಇಳಿಸಿದೆ. ಶಿವಮೊಗ್ಗಕ್ಕೆ ಮರಳುವ ಬಸ್ಸಿನಲ್ಲಿ ಕುಳಿತು, ಒಳ್ಳೆಯ ವ್ಯಾಪಾರವಾಯಿತೆಂದು ಹಿಗ್ಗಿದೆ.

ಆ ದಿನಗಳಲ್ಲಿ ಭದ್ರಾವತಿಯ ಗುಜರಿ ಅಂಗಡಿಗಳಿಗೆ ಒಳ್ಳೆಯ ಸುಗ್ಗಿ. 1936ರಲ್ಲಿ ಸ್ಥಾಪನೆಯಾಗಿದ್ದ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು ನಿಂತುಹೋಗಿದ್ದವು. ವಸತಿಗೃಹಗಳನ್ನು ತೆರವು ಮಾಡಿ ಊರಿಗೆ ಹೊರಟವರು ಕಬ್ಬಿಣದ ಟ್ರಂಕು, ಮರದ ಪೆಟ್ಟಿಗೆ, ಹಿತ್ತಾಳೆ ಕೊಳಗಗಳನ್ನು ತೂಕಕ್ಕೆ ಹಾಕಿ ಹೋಗುತ್ತಿದ್ದರು. ಅದಕ್ಕೆ ಕೆಲವು ತಿಂಗಳ ಹಿಂದೆಯಷ್ಟೇ, 2016ರ ನವೆಂಬರಿನಲ್ಲಿ, ದೊಡ್ಡ ನೋಟುಗಳು ರದ್ದಾಗಿದ್ದವು. ಎಲ್ಲಿ ಯಾವ ನೋಟು ಅಡಗಿದೆಯೋ ಎಂದು ಮನೆಮನೆಯಲ್ಲೂ ಜನ ಪೆಟ್ಟಿಗೆಯ ತಳ ಕೆದಕಿದ್ದರು. ಐನೂರರ ನೋಟು ಹುಡುಕಲು ಹೋದವರಿಗೆ ಅಜ್ಜನ ಕಾಲದ ಗಂಟುಗಳೂ ಸಿಕ್ಕಿರಬೇಕು. ನಾನು ತಂದ ನೋಟುಗಳು ಯಾರ ಮನೆಯವು ಎಂದು ಅಂಗಡಿಯವನನ್ನು ಕೇಳಲಿಲ್ಲ. ಕೇಳಿದರೆ ಬೆಲೆ ಏರಿಸುತ್ತಾನೆಂಬ ಭಯ. ಸಂಗ್ರಾಹಕರಿಗೆಲ್ಲ ಗೊತ್ತಿರುವ ಭಯವಿದು.

ಐದು ರೂಪಾಯಿಯ ನೋಟಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರಗಳ ಎರಡು ಸಾಲಿದ್ದವು. ಮಡಿಕೆಯ ಮೇಲೆ ಬರೆದಿದ್ದರಿಂದ ಸುಲಭವಾಗಿ ಓದಲಾಗುತ್ತಿರಲಿಲ್ಲ. ‘ದಂಡು ಬಂದ ದಿನ’ ಎಂಬಷ್ಟನ್ನು ಓದಿದ್ದೆ. ಮುಂದೊಂದು ಊರಿನ ಹೆಸರಿದ್ದಂತೆಯೂ ಅದರ ಮುಂದೆ ಒಬ್ಬರ ಹೆಸರೋ ಲೆಕ್ಕವೋ ಇದ್ದಂತೆಯೂ ನೆನಪು. ಆಮೇಲೆ ಭೂತಗನ್ನಡಿ ಹಿಡಿದು ಓದಿದರಾಯಿತು ಎಂದುಕೊಂಡೆ. ಅದಕ್ಕೆ ಮೊದಲು ಬೆಂಗಳೂರಿನ ನಾಣ್ಯ ಮೇಳದಲ್ಲಿ ವ್ಯಾಪಾರಿಯೊಬ್ಬರಿಗೆ ತೋರಿಸಿದೆ. ಅವರು ನೋಟನ್ನು ಬೆಳಕಿಗೆ ಹಿಡಿದು, ಬರಹವಿರುವ ನೋಟಿಗೆ ಅರ್ಧ ಬೆಲೆಯೂ ಬಾರದೆಂದೂ ಸ್ವಚ್ಛಗೊಳಿಸಿದರೆ ದರ್ಜೆ ಏರುತ್ತದೆಂದೂ ಹೇಳಿದರು. ಮನೆಗೆ ಬಂದವನೇ ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ನೋಟನ್ನು ತೇಲಿಬಿಟ್ಟೆ.

ಅದು ಕಾಪಿಯಿಂಗ್ ಪೆನ್ಸಿಲಿನ ಬರಹವಾಗಿತ್ತು. ಹಳಬರಿಗೆ ಗೊತ್ತು: ಒಣಗಿದ್ದಾಗ ಬೂದು, ಒದ್ದೆಯಾದರೆ ಕಡು ನೇರಳೆ. ಕ್ಷಣಮಾತ್ರದಲ್ಲಿ ಅಕ್ಷರಗಳು ಹಿಂದೆಂದೂ ಕಾಣದಷ್ಟು ಸ್ಪಷ್ಟವಾಗಿ ಎದ್ದು ನಿಂತವು. ಕನ್ನಡಕ ಹುಡುಕುವಷ್ಟರಲ್ಲಿ ನೀರಿಗೆ ಬಣ್ಣ ಬಿಟ್ಟು ಹರಡಿಹೋದವು. ಇಂದು ಆ ನೋಟಿನ ಅಂಚಿನಲ್ಲಿ ನೇರಳೆ ಛಾಯೆಯೊಂದು ಮಾತ್ರ ಉಳಿದಿದೆ.

ಈ ಲೇಖನಕ್ಕೆ ಅದೇ ನಿಮಿತ್ತ. ಆದರೆ ಮಲೆನಾಡಿನ ಅಂಚಿನ ಈ ಎರಡು ಊರುಗಳಿಗೂ ನಿಜಾಮನ ನೋಟಿಗೂ ಎಲ್ಲಿಯ ಸಂಬಂಧ ಎಂದು ಓದುಗರು ಕೇಳಬಹುದು. ಅಂತಃಕಲಹ ನಮ್ಮ ಜಿಲ್ಲೆಗೆ ಹೊಸದಲ್ಲ. 1830-31ರ ನಗರ ದಂಗೆ ಇಲ್ಲೇ ನಡೆಯಿತು. ಮೈಸೂರಿನ ಆಡಳಿತ ಐವತ್ತು ವರ್ಷ ಬ್ರಿಟಿಷರ ಕೈಗೆ ಹೋಗುವುದಕ್ಕೆ ಅದು ಕಾರಣವಾಯಿತು. ಆ ಕಾಲಕ್ಕೆ ಇಲ್ಲಿ ಹಣವೆಂದರೆ ಲೋಹ. ನಮ್ಮ ಭಾಗದ ಸಂಗ್ರಾಹಕರು ಇಂದಿಗೂ ಇಕ್ಕೇರಿ ವರಹ, 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಹೈದರಾಲಿ ಅಚ್ಚು ಹಾಕಿಸಿದ ಬಹದ್ದೂರಿ ವರಹ ಎಂದರೆ ಕಿವಿ ನೆಟ್ಟಗೆ ಮಾಡುತ್ತಾರೆ. ಕಾಗದದ ಹಣವನ್ನು ಕೇಳುವವರು ಕಡಿಮೆ. ಹೈದರಾಬಾದಿನ ನೋಟು ಇಲ್ಲಿಗೆ ಬಂದದ್ದು ಕಾರ್ಖಾನೆಗಳ ಜೊತೆಗೆ. 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯೂ ಆಮೇಲಿನ ಕಾಗದದ ಕಾರ್ಖಾನೆಯೂ ದೂರದೂರದ ಜನರನ್ನು ಸೆಳೆದವು. ಕೊಪ್ಪಳ, ಗಂಗಾವತಿ, ರಾಯಚೂರುಗಳ ಕಡೆಯಿಂದ ಬಂದವರು ತಂದ ಗಂಟಿನಲ್ಲಿ ಊರಿನ ನೆನಪಿನ ಜೊತೆಗೆ ಊರಿನ ಹಣವೂ ಇದ್ದಿತು.

ನದಿಯ ಸಂಬಂಧವೂ ಒಂದಿದೆ. ಶಿವಮೊಗ್ಗದ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಹರಿದು ಹೊಸಪೇಟೆ ತಲುಪುವ ಹೊತ್ತಿಗೆ, 1948ರವರೆಗೂ, ಎರಡು ಹಣಗಳ ನಡುವಿನ ಗಡಿಯಾಗಿಬಿಡುತ್ತಿದ್ದಳು. ಹೊಸಪೇಟೆಯ ದಡದಲ್ಲಿ ಬ್ರಿಟಿಷ್ ಭಾರತದ ರೂಪಾಯಿ. ಆ ಕಡೆಯ ಜನ ಅದನ್ನು ‘ಕಲ್ದಾರ್’ ಎನ್ನುತ್ತಿದ್ದರು. ಎದುರಿನ ಮುನಿರಾಬಾದಿನ ದಡದಲ್ಲಿ ನಿಜಾಮನ ‘ಹಾಲಿ ಸಿಕ್ಕ’. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಲೆಕ್ಕ. ಅಂದರೆ ನೂರು ಕಲ್ದಾರಿಗೆ 116 ಹಾಲಿ ರೂಪಾಯಿ, 10 ಆಣೆ, 8 ಪೈ. ಸಂತೆಗೆ ಬಂದವರು ಈ ಭಾಗಾಕಾರವನ್ನು ಬೆರಳಿನಲ್ಲೇ ಮಾಡುತ್ತಿದ್ದರಂತೆ. ನಮ್ಮ ವಾಣಿಜ್ಯ ವಿದ್ಯಾರ್ಥಿಗಳಿಗೆ ವಿನಿಮಯ ದರ ಕಲಿಸುವಾಗ ನಾನು ಡಾಲರನ್ನು ಬಿಟ್ಟು ಇದನ್ನೇ ಉದಾಹರಿಸುತ್ತಿದ್ದೆ.

ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನೋಟು ಹೊರಡಿಸುವ ಅವಕಾಶ ಸಿಕ್ಕಿದ್ದು 1918ರಲ್ಲಿ, ಮೊದಲ ಮಹಾಯುದ್ಧದ ಬೆಳ್ಳಿಯ ಅಭಾವದ ದೆಸೆಯಿಂದ. ಆರಂಭದ ನೋಟುಗಳು ಅಚ್ಚಾದದ್ದು ಲಂಡನ್ನಿನ ವಾಟರ್ಲೋ ಮುದ್ರಣಾಲಯದಲ್ಲಿ. ಉರ್ದುವಿನ ಜೊತೆಗೆ ಕನ್ನಡ, ತೆಲುಗು, ಮರಾಠಿ, ಇಂಗ್ಲಿಷ್‌ಗಳಲ್ಲೂ ಅವುಗಳ ಮೌಲ್ಯವನ್ನು ನಮೂದಿಸಲಾಗುತ್ತಿತ್ತು. ಶಾಲೆಯಲ್ಲೂ ಕಚೇರಿಯಲ್ಲೂ ಉರ್ದುವೇ ನಡೆಯುತ್ತಿದ್ದ ಕಾಲದಲ್ಲಿ ರಾಯಚೂರಿನ ರೈತನ ಕೈಗೆ ಸರ್ಕಾರದಿಂದ ಬರುತ್ತಿದ್ದ ಕೆಲವೇ ಕನ್ನಡ ಅಕ್ಷರಗಳಲ್ಲಿ ಇವೂ ಸೇರಿದ್ದವು. ಈ ನೋಟುಗಳ ಮೇಲೆ ಸಂಸ್ಥಾನದ ಹಣಕಾಸು ಸಚಿವರ ಸಹಿ ಇರುತ್ತಿತ್ತು. ಹಾಗೆ ಸಹಿ ಮಾಡಿದವರಲ್ಲೊಬ್ಬರಾದ ಗುಲಾಂ ಮಹಮ್ಮದ್ 1951ರಲ್ಲಿ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ಒಂದೇ ಕಾಗದದ ಒಂದು ಬದಿಯ ದಾರಿ ಕರಾಚಿಗೆ, ಇನ್ನೊಂದು ಬದಿಯ ದಾರಿ ಕೊಪ್ಪಳದ ಸಂತೆಗೆ.

1947ರ ನವೆಂಬರಿನಲ್ಲಿ ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾದ ಬೆನ್ನಲ್ಲೇ ನಿಜಾಮನ ಸರ್ಕಾರ ಮಾಡಿದ ಮೊದಲ ಕೆಲಸಗಳೆಲ್ಲ ಹಣಕ್ಕೆ ಸಂಬಂಧಿಸಿದವು ಎಂಬುದು ಗಮನಾರ್ಹ. ಭಾರತದ ರೂಪಾಯಿ ಸಂಸ್ಥಾನದಲ್ಲಿ ಚಲಾವಣೆಗೆ ಯೋಗ್ಯವಲ್ಲವೆಂದು ಸುಗ್ರೀವಾಜ್ಞೆ ಹೊರಟಿತು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಯ ಸಾಲ ಹೋಯಿತು. ಅತ್ತ ಸಂಸ್ಥಾನದ ವಿರುದ್ಧ ಹೋರಾಡುತ್ತಿದ್ದವರೂ ಹಣದ ಮರ್ಮ ಅರಿತವರೇ: 1948ರ ಜನವರಿಯಲ್ಲಿ ನಾಂದೇಡ್ ಜಿಲ್ಲೆಯ ಉಮರಿಯಲ್ಲಿ ಬ್ಯಾಂಕನ್ನೇ ಲೂಟಿ ಮಾಡಿ ಅದನ್ನು ಚಳವಳಿಗೆ ಬಳಸಿದರು. ಕಾಸಿಂ ರಜ್ವಿಯ ರಜಾಕಾರರ ಹಾವಳಿಗೆ ಊರು ಬಿಟ್ಟವರು ಗಡಿ ದಾಟಿ ಬಳ್ಳಾರಿ, ಧಾರವಾಡ ಜಿಲ್ಲೆಗಳಿಗೆ ಬಂದರು. ಅಳವಂಡಿ ಶಿವಮೂರ್ತಿಸ್ವಾಮಿಯವರ ನೇತೃತ್ವದ ಮುಂಡರಗಿ ಶಿಬಿರದಂತಹ ಹೋರಾಟದ ನೆಲೆಗಳೂ ಇದ್ದದ್ದು ಗಡಿಯ ಈಚೆಗೆ. ಹಾಗೆ ದಾಟಿ ಬಂದವನ ಸೊಂಟದಲ್ಲಿ ಹಾಲಿ ನೋಟಿದ್ದರೆ ಅದಕ್ಕೆ ಈಚೆಯ ದಡದಲ್ಲಿ ಯಾರು ಏನು ಕೊಟ್ಟಾರು? ಪುಸ್ತಕದ ವಿನಿಮಯ ದರ ಓಡಿಬಂದವನಿಗೆ ಅನ್ವಯಿಸುವುದಿಲ್ಲ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು; 17ರಂದು ನಿಜಾಮ ಶರಣಾದ. ಇಲ್ಲಿಗೆ ಕಥೆ ಮುಗಿಸುವುದು ನಮಗೆ ಅನುಕೂಲ. ಆದರೆ ಮುಂದಿನ ವಾರಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹತ್ಯಾಕಾಂಡವನ್ನು ಪರಿಶೀಲಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತ್ತು. ಹೆಚ್ಚು ನಲುಗಿದ ಜಿಲ್ಲೆಗಳೆಂದು ಅದು ಗುರುತಿಸಿದ ನಾಲ್ಕರಲ್ಲಿ ನಮ್ಮ ಬೀದರ್, ಕಲಬುರಗಿಗಳೂ ಸೇರಿವೆ. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಅದೇ ಬೀದರ್ ಜಿಲ್ಲೆಯ ಗೋರಟಾದಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ಆ ಭಾಗದ ಜನ ಇಂದಿಗೂ ಮರೆತಿಲ್ಲ.

ನನ್ನ ನೋಟಿನ ಮೇಲಿದ್ದ ‘ದಂಡು’ ಇವುಗಳಲ್ಲಿ ಯಾವುದು? ರಜಾಕಾರರ ಗುಂಪೇ? ತುಂಗಭದ್ರೆಯ ಸೇತುವೆ ದಾಟಿ ಬಂದ ಭಾರತದ ಸೇನೆಯೇ? ಸೇನೆಯ ಹಿಂದೆ ಬಂದ ಪುಂಡರೇ? ಹಳ್ಳಿಯ ಬಾಯಲ್ಲಿ ಮೂರಕ್ಕೂ ಆ ಒಂದೇ ಪದ ಸಲ್ಲಬಹುದು. ಊರಿನ ಹೆಸರು ಗೊತ್ತಿದ್ದರೆ, ಬರೆದವರ ಹೆಸರು ಗೊತ್ತಿದ್ದರೆ ಹೇಳಬಹುದಿತ್ತು. ಅವರು ಐದು ರೂಪಾಯಿಯನ್ನು ಖರ್ಚು ಮಾಡದೆ ದಿನ ನಮೂದಿಸಿ ಇಟ್ಟುಕೊಂಡದ್ದು ಏತಕ್ಕೆ? ಅಂದಿನ ಐದು ರೂಪಾಯಿ ಸಣ್ಣ ಮೊತ್ತವಲ್ಲ. ಹೈದರಾಬಾದ್ ನೋಟುಗಳ ಹೊಸ ಬಿಡುಗಡೆ 1951ರಲ್ಲಿ ನಿಂತರೂ ಅವು ಪೂರ್ತಿ ಅಮಾನ್ಯವಾದದ್ದು 1959ರಲ್ಲಿ. ಬದಲಾಯಿಸಿಕೊಳ್ಳಲು ಹತ್ತು ವರ್ಷ ಕಾಲಾವಕಾಶವಿದ್ದೂ ಬದಲಾಯಿಸದೆ ಪಂಚಾಂಗದಲ್ಲಿ ಇಟ್ಟರೆಂದರೆ ಅದು ಅವರ ಪಾಲಿಗೆ ಹಣವಾಗಿ ಉಳಿದಿರಲಿಲ್ಲ. ಮೂರು ತಲೆಮಾರು ಕಾದಿಟ್ಟ ಸಾಕ್ಷ್ಯವನ್ನು ನಾನು ಒಂದು ತಟ್ಟೆ ನೀರಿನಲ್ಲಿ ಕಳೆದೆ.

ಕಾಗದದ ಹಣವನ್ನು ಸಂಗ್ರಹಿಸುವವರ ಲೋಕದಲ್ಲಿ ಅತ್ಯಂತ ಹೆಚ್ಚು ಬೆಲೆ ಚಲಾವಣೆಗೇ ಬಾರದ ಗರಿಗರಿ ನೋಟಿಗೆ. ಒಂದು ಮಡಿಕೆ ಬಿದ್ದರೆ ದರ್ಜೆ ಇಳಿಯಿತು. ಎರಡು ಬಿದ್ದರೆ ಮತ್ತಷ್ಟು. ಬರಹ, ಕಲೆ, ದಾರದ ತೂತು ಇದ್ದರೆ ಕಸದ ಸಾಲಿಗೆ. ವಿನ್ಯಾಸ ನೋಡಲು, ಜಲಚಿಹ್ನೆ ಗುರುತಿಸಲು ಒಳ್ಳೆಯ ಸ್ಥಿತಿಯ ನೋಟು ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಹೊಸ ನೋಟಿನ ಚೆಲುವಿಗೆ ಮನಸೋಲದವನು ಈ ಹವ್ಯಾಸಕ್ಕೆ ಬರುವುದೇ ಇಲ್ಲ. ಆದರೆ ಅಂತರ್ಯುದ್ಧದ ಕಾಲದ ನೋಟಿಗೂ ಇದೇ ಅಳತೆಗೋಲು ಹಿಡಿಯುವುದು ವಿಪರ್ಯಾಸ. ಅಂತಹ ನೋಟು ಒಂದು ಮಾತು ಕೊಟ್ಟಿರುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಒಕ್ಕೂಟ 1864ರಲ್ಲಿ ಹೊರಡಿಸಿದ ನೋಟುಗಳು, ಉತ್ತರದೊಂದಿಗೆ ಶಾಂತಿ ಒಪ್ಪಂದವಾದ ಎರಡು ವರ್ಷಗಳ ಮೇಲೆ ಹಣ ಕೊಡುವುದಾಗಿ ಬರೆದುಕೊಂಡಿದ್ದವು. ಆ ಒಪ್ಪಂದ ಆಗಲೇ ಇಲ್ಲ. ಸ್ಪೇನಿನಲ್ಲಿ 1936ರಿಂದ 1939ರವರೆಗೆ ಚಿಲ್ಲರೆಯ ಅಭಾವಕ್ಕೆ ಊರೂರಿನ ಪುರಸಭೆಗಳೇ ಚೀಟಿ ಅಚ್ಚು ಹಾಕಿದವು. ಮಧ್ಯ ಏಷ್ಯಾದ ಖೊರೆಜ್ಮಿನಲ್ಲಿ ರಷ್ಯದ ಅಂತರ್ಯುದ್ಧದ ದಿನಗಳಲ್ಲಿ ರೇಷ್ಮೆ ಬಟ್ಟೆಯ ಮೇಲೆ ಹಣ ಮುದ್ರಿಸಿದರು. 1968ರ ಜನವರಿಯಲ್ಲಿ ನೈಜೀರಿಯ ತನ್ನ ನೋಟುಗಳನ್ನೇ ಬದಲಿಸಿದಾಗ ಸಿಡಿದುಹೋಗಿದ್ದ ಬಯಾಫ್ರಾ ತನ್ನದೇ ನೋಟು ತಂದಿತು. ಎರಡು ವರ್ಷದಲ್ಲಿ ಆ ದೇಶವೇ ಇಲ್ಲವಾಯಿತು. ಇಂತಹ ಹಣವನ್ನು ಯಾರು ನಂಬಿದರು, ಎಷ್ಟು ದಿನ ನಂಬಿದರು, ಯಾವಾಗ ಕೈಬಿಟ್ಟರು ಎಂಬುದೇ ಅದರ ಚರಿತ್ರೆ. ಯಾರ ಕೈಗೂ ಹೋಗದ ಗರಿಗರಿ ನೋಟಿಗೆ ಇದರ ಯಾವ ಅರಿವೂ ಇಲ್ಲ.

ಸಂಗ್ರಾಹಕರಿಗೆ ಕಥೆಯ ಬೆಲೆ ಗೊತ್ತಿಲ್ಲವೆಂದಲ್ಲ. ಹೈದರಾಬಾದಿನ ನೋಟುಗಳಲ್ಲೇ ಅದಕ್ಕೆ ನಿದರ್ಶನವಿದೆ. 1922ರ ಮೇ ತಿಂಗಳಿನಲ್ಲಿ ಲಂಡನ್ನಿನಿಂದ ಭಾರತಕ್ಕೆ ಹೊರಟ ‘ಈಜಿಪ್ಟ್’ ಎಂಬ ಹಡಗು ಫ್ರಾನ್ಸಿನ ಕರಾವಳಿಯಾಚೆ ಮುಳುಗಿತು. ಅದರಲ್ಲಿ ಚಿನ್ನದ ಗಟ್ಟಿಗಳ ಜೊತೆಗೆ, ಇನ್ನೂ ಸಹಿಯಾಗದ ಹೈದರಾಬಾದ್ ನೋಟುಗಳೂ ಇದ್ದವು. ಹತ್ತು ವರ್ಷಗಳ ನಂತರ ಇಟಲಿಯ ಮುಳುಗುಗಾರರು ಚಿನ್ನವನ್ನು ಮೇಲೆತ್ತುವಾಗ ನೋಟುಗಳೂ ಬಂದವು. ಅವು ಮುಳುಗಿದ ಹಡಗಿನಿಂದ ಬಂದವೆಂಬ ವಿವರವನ್ನು ಅವುಗಳ ಮೇಲೆಯೇ ಅಚ್ಚು ಹಾಕಿ ಸ್ಮರಣಿಕೆಗಳಾಗಿ ಹಂಚಲಾಯಿತು. ಆ ಅಚ್ಚಿರುವ ನೋಟಿಗಾಗಿ ಇಂದು ಹರಾಜಿನಲ್ಲಿ ಪೈಪೋಟಿ. ಹಡಗಿನ ಕಥೆ ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಅದು ಅಲಂಕಾರ. ಕೊಪ್ಪಳದ ಕಡೆಯವರೊಬ್ಬರ ಕಥೆ ಪೆನ್ಸಿಲಿನಲ್ಲಿ ಕನ್ನಡದಲ್ಲಿದ್ದರೆ ಅದು ಕೊಳೆ. ಈ ಭೇದವನ್ನು ನಾನೂ ಪಾಲಿಸಿದೆನಲ್ಲ ಎಂಬುದೇ ನನ್ನ ಸಂಕಟ.

ಹಾಗಿದ್ದರೆ ಮಾಡಬೇಕಾದದ್ದೇನು? ಕರ್ನಾಟಕಕ್ಕೆ ಇಂತಹ ವಸ್ತುಗಳ ಕೊರತೆಯಿಲ್ಲ, ಅವನ್ನು ಇಡಲು ಸ್ಥಳದ ಕೊರತೆಯೂ ಇಲ್ಲ. ಬೆಂಗಳೂರಿನಲ್ಲಿ ರಜ್ವಾನ್ ರಜಾಕ್ ಅವರು ಭಾರತದ ಕಾಗದದ ಹಣಕ್ಕಾಗಿಯೇ 2020ರಲ್ಲಿ ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಶಿವಮೊಗ್ಗದಲ್ಲಿ ಶಿವಪ್ಪನಾಯಕ ಅರಮನೆಯ ಸರ್ಕಾರಿ ಸಂಗ್ರಹಾಲಯವಿದೆ. ಕೊರತೆಯಿರುವುದು ಹೇಳಿಕೆಗಳದ್ದು. ಯಾವ ನೋಟು ಯಾವ ಮನೆಯಿಂದ ಬಂತು, ಆ ಮನೆಯವರು ಅದರ ಬಗ್ಗೆ ಏನೆಂದರು ಎಂಬ ನಾಲ್ಕು ಸಾಲು ನಮ್ಮ ಖಾಸಗಿ ಸಂಗ್ರಹಗಳಲ್ಲಿ ಬಹುತೇಕ ಇರುವುದಿಲ್ಲ. ವ್ಯಾಪಾರಿಗಳು ಮೂಲವನ್ನು ಬೇಕೆಂದೇ ಮರೆಸುತ್ತಾರೆ. ಮುಂದಿನವನು ನೇರ ಆ ಮನೆಗೆ ಹೋದರೆ ತಮಗೇನು ಗಿಟ್ಟೀತು ಎಂಬ ಲೆಕ್ಕ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿಯ ಇತಿಹಾಸದ ವಿದ್ಯಾರ್ಥಿಗಳು ಕಾರ್ಖಾನೆಯ ಹಳೆಯ ಕುಟುಂಬಗಳನ್ನು ಮಾತನಾಡಿಸಿ ಇಂತಹ ವಸ್ತುಗಳ ಪಟ್ಟಿ ಮಾಡಲು ಲಕ್ಷಗಟ್ಟಲೆ ಅನುದಾನವೇನೂ ಬೇಡ. ವಸ್ತುವನ್ನು ಕೊಳ್ಳುವುದೂ ಬೇಡ. ಚಿತ್ರ ತೆಗೆದು, ಮಾತು ಬರೆದುಕೊಂಡು, ನೋಟನ್ನು ಪೆಟ್ಟಿಗೆಯಲ್ಲೇ ಬಿಟ್ಟು ಬಂದರಾಯಿತು. ನೋಟು ಇನ್ನೂ ನೂರು ವರ್ಷ ಇದ್ದೀತು. 1948ನ್ನು ಕಂಡವರಿಗೆ ಈಗ ಎಂಬತ್ತೈದು ದಾಟಿದೆ.

ಇದರಲ್ಲಿ ತೊಡಕಿಲ್ಲವೆಂದು ನಾನು ಹೇಳಲಾರೆ. ಕೆಲವರು ಹೇಳಲು ಇಷ್ಟಪಡುವುದಿಲ್ಲ. ಮೂರು ವರ್ಷದ ಹಿಂದೆ ನ್ಯೂಟೌನಿನಲ್ಲಿ ಒಬ್ಬ ಹಿರಿಯರು ಹಾಲಿ ನೋಟಿನ ಸಣ್ಣ ಕಂತೆಯನ್ನು ತೋರಿಸಿದರು. ‘ಇದು ನಿಮ್ಮ ತಂದೆಯವರು ಕೂಡಿಟ್ಟದ್ದೇ?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೂಡಿಟ್ಟದ್ದೂ ಅಲ್ಲ ಸರ್, ನಮ್ಮದೂ ಅಲ್ಲ’ ಎಂದು ಪೆಟ್ಟಿಗೆ ಮುಚ್ಚಿದರು. ಕಾಫಿ ಕೊಟ್ಟು ಕಳುಹಿಸಿದರು. ಲೂಟಿಯ ಪಾಲೋ, ಊರು ಬಿಟ್ಟ ನೆರೆಯವರು ನಂಬಿ ಒಪ್ಪಿಸಿ ಹೋದ ಠೇವಣಿಯೋ, ಯಾರಿಗೆ ಗೊತ್ತು. ಅದನ್ನು ಕೆದಕುವ ಹಕ್ಕು ನನಗಿಲ್ಲ. ಆದರೆ ಅವರ ಆ ಒಂದು ವಾಕ್ಯವನ್ನು, ಹೆಸರು ವಿಳಾಸವಿಲ್ಲದೆ, ಬರೆದಿಟ್ಟುಕೊಂಡಿದ್ದೇನೆ. ಆ ಕಂತೆಯಲ್ಲಿ ಎಷ್ಟು ನೋಟಿದ್ದವು, ಯಾವ ಸಹಿಯವು ಎಂಬುದಕ್ಕಿಂತ ಆ ವಾಕ್ಯವೇ ನನ್ನ ಸಂಗ್ರಹದಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಪೇಪರ್ ಟೌನಿನ ಆ ಗುಜರಿ ಅಂಗಡಿಗೆ ಆಮೇಲೆ ಮೂರು ಬಾರಿ ಹೋದೆ. ಮೊದಲ ಸಲ ಅಂಗಡಿಯವನು, ಟ್ರಂಕು ತಂದವರು ಗಂಡ ಹೆಂಡತಿ ಇಬ್ಬರೆಂದೂ ಲಾರಿಗೆ ಸಾಮಾನು ಹೇರುವ ಅವಸರದಲ್ಲಿದ್ದರೆಂದೂ ಹೇಳಿದ. ಎರಡನೆಯ ಸಲ ಅವರ ಮಾತು ರಾಯಚೂರು ಕಡೆಯದಿದ್ದಂತಿತ್ತು ಎಂದ. ನನ್ನ ಸಮಾಧಾನಕ್ಕೆ ಹಾಗೆ ಹೇಳಿದನೋ ಏನೋ. ಮೂರನೆಯ ಸಲ ಹೋದಾಗ ಅಂಗಡಿಯೇ ಇರಲಿಲ್ಲ. ನನ್ನ ಪುಸ್ತಕದಲ್ಲಿ ಆ ಐದು ರೂಪಾಯಿಯ ನೋಟಿನ ಹೆಸರಿನಲ್ಲಿ ಇರುವುದು ಇಷ್ಟೇ: ಭದ್ರಾವತಿ, 2017, ಕಬ್ಬಿಣದ ಟ್ರಂಕು, ಪಂಚಾಂಗ, ‘ದಂಡು ಬಂದ ದಿನ’. ಅದರ ಕೆಳಗೆ, ತೊಳೆದವನು ನಾನೇ ಎಂದೂ ಬರೆದಿದ್ದೇನೆ.

ಮುಂದಿನ ವಾರ ಮತ್ತೆ ಭದ್ರಾವತಿಗೆ ಹೋಗುವುದಿದೆ. ಹೊಸಮನೆಯ ಕಡೆಯ ಅಜ್ಜಿಯೊಬ್ಬರ ಬಳಿ ಎರಡು ಹಾಲಿ ನೋಟುಗಳಿವೆಯಂತೆ, ಅವರ ತಾಯಿಯ ತವರಿನವು. ಫೋನಿನಲ್ಲಿ ಮಾತನಾಡಿದಾಗ, ನೋಟನ್ನು ಕೊಡುವುದಿಲ್ಲ, ನೋಡಿ ಹೋಗುವುದಾದರೆ ಬನ್ನಿ ಎಂದರು. ಪೆನ್ನು, ಪುಸ್ತಕ ಮಾತ್ರ ತೆಗೆದುಕೊಂಡು ಹೋಗುತ್ತಿದ್ದೇನೆ.